ಹೇಳಿದವರು ಹೊರಗೆ

ಮನೆ, ಕಿಟಕಿ ಪಕ್ಕದ ರೂಮು (ಮೊದಲು ನಮ್ಮಿಬ್ಬರದು, ಈಗ ನಂದೊಬ್ಬಳದೇ)
ಭಾನುವಾರ, ಹದಿಮೂರನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

"ಪ್ರೀತಿಯ" ಅನ್ನೋದು ಅಮ್ಮನ ಒತ್ತಾಯ. ನಾನು ಬರೀ "ಅಕ್ಕಾ" ಅಂತ ಶುರು ಮಾಡಿದ್ದೆ, ಹಿಂದೆ ನಿಂತು ಓದಿ ತಲೆ ಮೇಲೊಂದು ಮೊಟಕಿದ್ಲು. ಹೇಗಿದೀಯಾ? ಕೆಮ್ಮು ಹೋಯ್ತಾ? ಚಿಕ್ಕಮ್ಮನ ಮೊಣಕಾಲು ಹೇಗಿದೆ, ಮೆಟ್ಟಿಲು ಹತ್ತೋಕಾಗ್ತಿದೆಯಾ? ಅವರ ಹಜಾರದ ಗೋಡೆ ಗಡಿಯಾರ ಇನ್ನೂ ಇಪ್ಪತ್ತು ನಿಮಿಷ ಮುಂದೇನಾ? ಸರಿ. ಕ್ಷೇಮ ಸಮಾಚಾರ ಕೇಳಿದ್ದಾಯ್ತು. ಇನ್ನು ಜಗಳ.

ಇದು ನಾನು ಜೀವಮಾನದಲ್ಲಿ ಬರೀತಿರೋ ಮೊದಲನೇ ಪತ್ರ, ಅದನ್ನ ನೆನಪಿಟ್ಕೋ. ನೀನು ನನ್ನ ನಂಬರ್ ಬ್ಲಾಕ್ ಮಾಡಿದೀಯಾ, ಗ್ರೂಪ್ ಬಿಟ್ಟಿದೀಯಾ, ಅಮ್ಮನ ಫೋನಿಂದ ಮಾಡಿದ್ರೂ ನನ್ನ ಉಸಿರು ಕೇಳಿಯೇ ಗುರುತು ಹಿಡಿದು ಕಟ್ ಮಾಡ್ತೀಯಾ. ಕಾಗದದ ಮೇಲೆ ಬರೆಯೋದು ಎಂಥ ಹಿಂಸೆ ಗೊತ್ತಾ? ಎಡಿಟ್ ಇಲ್ಲ, ಡಿಲೀಟ್ ಇಲ್ಲ, ನೀನು ಓದಿದ್ಯೋ ಇಲ್ವೋ ತಿಳಿಯೋಕೆ ಎರಡು ನೀಲಿ ಗೆರೆ ಇಲ್ಲ. ಫೋನಲ್ಲಾಗಿದ್ರೆ ಒಂದೊಂದೇ ಸಾಲು ಕಳಿಸಿ ನಿನ್ನ ತಲೆದಿಂಬಿನ ಕೆಳಗೆ ಟಣ್ ಟಣ್ ಟಣ್ ಅನ್ನಿಸ್ತಿದ್ದೆ. ಇಲ್ಲಿ ಒಂದೇ ಉಸಿರಲ್ಲಿ ಬೈಬೇಕು. ಬೆರಳು ನೋಯ್ತಿದೆ. ಅದಕ್ಕೂ ನೀನೇ ಕಾರಣ.

ಲಕೋಟೆಯಲ್ಲಿ ಇದರ ಜೊತೆ ಇನ್ನೊಂದು ಕಾಗದ ಇಟ್ಟಿದೀನಿ. ಟೈಪ್ ಮಾಡಿದ್ದು, ಮೂಲೆಯಲ್ಲಿ ಲ್ಯಾಬಿನ ಮೊಹರು ಇರೋದು. ನಮ್ಮ ಲ್ಯಾಬ್ ನಡೆಸೋ ಮೀಟರ್ ಸಾರ್ ಕೊಟ್ಟಿದ್ದು. "ನಾನು ತೋರಿಸಿದ ವಿಡಿಯೋದಲ್ಲಿ ನೂಲು ತಾನಾಗಿಯೇ ಓಡಿತು ಎಂಬುದು ನಿಜವಲ್ಲ" ಅಂತ ನಾಲ್ಕೇ ಸಾಲು ಇದೆ. ಕೆಳಗೆ ಸಹಿ ಹಾಕಿ ಶನಿವಾರ ಹತ್ತೊಂಬತ್ತರ ಒಳಗೆ ಇಲ್ಲಿ ಮುಟ್ಟೋ ಹಾಗೆ ಕಳಿಸು. ಸಹಿ ಹಾಕಿದ್ರೆ ನಿನಗೆ ಈ ಲ್ಯಾಬಲ್ಲಿ ಜಾಗ ಇಲ್ಲ, ಬೇರೆ ಲ್ಯಾಬಿನೋರು ನಿನ್ನ ಬಗ್ಗೆ ಕೇಳಿದ್ರೂ ಸಾರ್ ಇದೇ ಕಾಗದ ತೆಗೆದು ತೋರಿಸ್ತಾರೆ. ಗೊತ್ತು. ಆದ್ರೂ ಹಾಕು. ಹಾಕದೇ ಇದ್ರೆ ಸಾರೇ ರಿಜಿಸ್ಟರಲ್ಲಿ ಬರೀತಾರಂತೆ, ಆವಾಗ ಸುಳ್ಳು ಹೇಳಿದವಳು ಅನ್ನೋದರ ಜೊತೆ ಮೊಂಡಿ ಅನ್ನೋದೂ ಸೇರುತ್ತೆ. ಇನ್ನೊಂದು ವಿಷಯ, ಮುಚ್ಚಿಡಲ್ಲ, ಹೇಳೇಬಿಡ್ತೀನಿ: ನಿನ್ನ ಸಹಿ ಬಂದ ದಿನ ನಿನ್ನ ಮೇಜು ನನಗೆ. ಮೈಕ್ರೋಸ್ಕೋಪಿನ ಮುಂದಿನ ಆ ಮೇಜು, ತಿರುಗೋ ಸ್ಟೂಲು, ಬಲಗಡೆ ಡ್ರಾಯರು, ಎಲ್ಲಾ. "ಅಕ್ಕನ ಸಹಿ ಬರಲಿ, ಕೂತ್ಕೋ" ಅಂದಿದಾರೆ ಸಾರ್. ಕೂತ್ಕೋತೀನಿ. ಬಿಡೋದಿಲ್ಲ.

ಅಂಟಿಸೋ ಮೊದಲು ಅಮ್ಮ ಇದನ್ನ ಪೂರ್ತಿ ಓದ್ತಾಳಂತೆ, ಅದಕ್ಕೆ ಅವಳಿಗೂ ತಿಳಿಯೋ ಹಾಗೆ ಮೊದಲಿಂದ ಹೇಳ್ತೀನಿ. ನಾವಿಬ್ಬರೂ ಅಲ್ಲಿ ಕೂತು ಕೈಗವಸು ಹೆಣೀತೀವಿ ಅಂತಲೇ ಅವಳು ಇವತ್ತಿಗೂ ಅಂದ್ಕೊಂಡಿರೋದು. ಅಮ್ಮಾ, ಹೆಣೆಯೋದಲ್ಲ. ಟೈರ್ ಅಂಗಡಿ ಮೇಲಿನ ಎರಡು ರೂಮಲ್ಲಿ, ಅಂಟಿನಂಥ ದ್ರಾವಣ ತುಂಬಿದ ಸಿರಿಂಜಿನ ಸೂಜಿಗೆ ಜೋರು ಕರೆಂಟ್ ಕೊಡ್ತೀವಿ. ಸೂಜಿ ತುದಿಯಿಂದ ನೂಲು ಹಾರಿ ಎದುರಿನ ತಗಡಿನ ಮೇಲೆ ಕೂರುತ್ತೆ. ಎಂಥ ನೂಲು ಅಂದ್ರೆ, ನಿನ್ನ ಒಂದು ತಲೆಕೂದಲಿನ ದಪ್ಪದೊಳಗೆ ಇನ್ನೂರು ಮುನ್ನೂರು ಎಳೆ ಪಕ್ಕಪಕ್ಕ ಮಲಗಬಹುದು. ಒಂದು ಗಂಟೆ ಬಿಟ್ರೆ ಹಾಲಿನ ಕೆನೆ ಥರ ಬೆಳ್ಳಗಿನ ಹಾಳೆ. ಅದನ್ನ ಎತ್ತಿ ಲೇಪನದ ಡಬ್ಬಿಯೊಳಗೆ ಇಟ್ಟು, ಗಾಳಿ ಎಲ್ಲ ಹೊರಗೆ ಎಳೆದು, ಸ್ವಿಚ್ ಒತ್ತಿದ್ರೆ ಒಳಗೆ ನೇರಳೆ ಬೆಳಕು ಬರುತ್ತೆ, ಮೇಲಿಂದ ಲೋಹ ಹೊಗೆಯಷ್ಟು ಸಣ್ಣಗೆ ಉದುರಿ ನೂಲಿನ ಮೇಲೆ ಕೂರುತ್ತೆ. ಬೆಳ್ಳಿ ಬಳಿದ ಹಾಳೆ ಕರೆಂಟ್ ಬಿಡುತ್ತೆ. ಅದನ್ನ ಕೈಗವಸಿನ ಒಳಗೆ ಹೊಲಿದ್ರೆ ಕೈ ಬೆಚ್ಚಗಿರುತ್ತೆ. ನಮ್ಮ ಲ್ಯಾಬು ನಡೀತಿರೋದೇ ಅದರಿಂದ. ನನ್ನ ಕೆಲಸ ಬಳಿಯೋದು. ದಿನಕ್ಕೆ ಹದಿನೆಂಟು ಹಾಳೆ, ಒಂದು ಕಡೆ ಬಳಿ, ಮಗುಚು, ಇನ್ನೊಂದು ಕಡೆ ಬಳಿ. ಸಾರ್ ಮೀಟರ್ ಹಿಡ್ಕೊಂಡೇ ಓಡಾಡ್ತಾರೆ, ಊಟದ ಡಬ್ಬಿಗೂ ಒಂದು ಸಲ ಕ್ಲಿಪ್ ಹಾಕಿ ನೋಡ್ತಾರೇನೋ. "ಎರಡೂ ಕಡೆ ಬಳಿ, ಆಮೇಲೆ ಮಾತಾಡು" ಅನ್ನೋದು ಅವರ ಬೆಳಗಿನ ಪ್ರಾರ್ಥನೆ.

ನೀನು ಮಾಡ್ತಿದ್ದುದು ಬೇರೆ. ಕೈಗವಸಿನ ಕೆಲಸ ಮುಗಿದ ಮೇಲೆ, ನಿನ್ನ ಹೊತ್ತಲ್ಲಿ, ಬೆಳ್ಳಿ ಬದಲು ಪ್ಲಾಟಿನಂ. ಆ ಹಾಳೇನ ಸಣ್ಣಸಣ್ಣ ತುಂಡು ಮಾಡಿ, ಗಾಯ ತೊಳೆಯೋ ನೊರೆನೀರಿಗೆ, ಅದೇ ಪೆರಾಕ್ಸೈಡಿಗೆ, ಹಾಕಿದ್ರೆ, ಪ್ಲಾಟಿನಂ ಮುಟ್ಟಿದ ನೀರು ಒಡೆದು ಗುಳ್ಳೆ ಏಳುತ್ತೆ, ಆ ಗುಳ್ಳೆ ತಳ್ಳಿದ ಕಡೆಗೆ ನೂಲು ಓಡುತ್ತೆ ಅಂದೆ. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ, ದಾರ ತಾನೇ ಈಜುತ್ತೆ ಅಂದೆ. ನಾನು ನಂಬಿದೆ. ನಂಬಿದ್ದೇನು ಬಂತು, ಹುಚ್ಚು ಹಿಡಿಸ್ಕೊಂಡೆ. ಆ ವಿಡಿಯೋ ಹನ್ನೊಂದೇ ಸೆಕೆಂಡು. ಎಡಗಡೆಯಿಂದ ಒಂದು ಎಳೆ ಬರುತ್ತೆ, ಬಾಲದಲ್ಲಿ ಗುಳ್ಳೆ ಬಿಡ್ತಾ, ಮಧ್ಯದಲ್ಲಿ ಒಂದು ಧೂಳಿನ ಕಣ ಇದೆ, ಅದನ್ನ ಉಜ್ಜಿಕೊಂಡೇ ದಾಟಿ ತಟ್ಟನೆ ಬಲಕ್ಕೆ ತಿರುಗಿ ಮಾಯ. ಇನ್ನೂರು ಸಲವಾದ್ರೂ ನೋಡಿದೀನಿ ಕಣೇ. ಹಲ್ಲುಜ್ಜುವಾಗ ನೋಡಿದೀನಿ, ಬಸ್ಸಲ್ಲಿ ನೋಡಿದೀನಿ, ಪಕ್ಕದ ಸೀಟಿನ ಅಜ್ಜಿಗೆ ತೋರಿಸಿ "ಹುಳವೇನಮ್ಮಾ?" ಅಂತ ಕೇಳಿಸ್ಕೊಂಡು "ಅಲ್ಲ ಅಜ್ಜಿ, ನಮ್ಮಕ್ಕ ಮಾಡಿದ್ದು" ಅಂದಿದೀನಿ.

"ಸಣ್ಣ ನೂಲು ದೊಡ್ಡ ಬಾಯಿ" ಗ್ರೂಪಲ್ಲಿ ನೀನದನ್ನ ಹಾಕಿದ ದಿನ ನೆನಪಿದೆಯಾ? ನಾನೂರ ಹನ್ನೆರಡು ಜನ ಅದರಲ್ಲಿ. ಎಲ್ಲರೂ ನಿನ್ನಂಥೋರು, ಎಲ್ಲೆಲ್ಲೋ ಲ್ಯಾಬುಗಳಲ್ಲಿ, ಗ್ಯಾರೇಜುಗಳಲ್ಲಿ, ಅಡುಗೆಮನೆ ಮೂಲೆಗಳಲ್ಲಿ ದಾರ ಎಳೆಯೋ ಮಂದಿ. ಸಾಮಾನ್ಯಕ್ಕೆ ಯಾರನ್ನೂ ಹೊಗಳದ ಮಂದಿ. ಆವತ್ತು ಪರದೆ ತುಂಬ ಬೆಂಕಿ, ಚಪ್ಪಾಳೆ, ಬಾಯಿ ತೆರೆದ ಮುಖ. ನಿನ್ನ ಅಡ್ಡಹೆಸರು "ಸೂಜಿಮೊನೆ", ಅದಕ್ಕೆ ನಾನು ಅವತ್ತೇ ನನ್ನ ಹೆಸರು ಬದಲಾಯಿಸಿ "ಸೂಜಿಮೊನೆಯ ತಂಗಿ" ಅಂತ ಇಟ್ಕೊಂಡೆ. ಜನ ನನಗೇ ಮೆಸೇಜ್ ಮಾಡೋಕೆ ಶುರು ಮಾಡಿದ್ರು: "ಅಕ್ಕ ಮುಂದೇನು ಮಾಡ್ತಾರೆ? ಸ್ವಲ್ಪ ಹೇಳಿ." ನಾನು ಗೊತ್ತಿದ್ದೂ ಹೇಳದೋಳ ಹಾಗೆ ಒಂದು ಕಣ್ಣು ಮಿಟುಕಿಸೋ ಮುಖ ಕಳಿಸ್ತಿದ್ದೆ. ನಿಜ ಹೇಳ್ಬೇಕಂದ್ರೆ ನನಗೇನೂ ಗೊತ್ತಿರಲಿಲ್ಲ. ನೀನು ಹೇಳ್ಕೊಟ್ರೆ ತಾನೇ?

ಆಮೇಲೆ ಬಂದ ಆ "ಪುರಾವೆ". ಅವನು ಗಂಡಸೋ ಹೆಂಗಸೋ, ಮುದುಕನೋ ಹುಡುಗನೋ ಯಾರಿಗೂ ಗೊತ್ತಿಲ್ಲ, ಹೆಸರೇ ಪುರಾವೆ, ಚಿತ್ರದ ಜಾಗದಲ್ಲಿ ಒಂದು ಭೂತಗನ್ನಡಿ. ಮೊಸರಲ್ಲಿ ಕಲ್ಲು ಹುಡುಕೋ ಆಸಾಮಿ. "ಓಡಿದ್ದೋ, ತೇಲಿದ್ದೋ? ದೀಪದ ಶಾಖಕ್ಕೆ ನೀರೇ ಹರಿದಿರಬಹುದಲ್ಲ. ಲೋಹ ಇಲ್ಲದ ಬರೀ ನೂಲನ್ನ ಅದೇ ನೀರಿಗೆ ಬಿಟ್ಟು ನೋಡಿದ್ರಾ?" ಅಂತ ಕೇಳ್ದ. ನೀನು ಏನಂದೆ? "ನೋಡಿದೀನಿ." ಒಂದೇ ಪದ! ಚಿತ್ರ ಇಲ್ಲ, ವಿಡಿಯೋ ಇಲ್ಲ, ವಿವರ ಇಲ್ಲ. ರಾಣಿ ಥರ. ನಾನೂರ ಹನ್ನೆರಡು ಜನ ಕಾಯ್ತಿದ್ರು ಕಣೇ. ನಾನು ಮೇಲಿಂದ ಮೇಲೆ "ಅಕ್ಕ ಬಿಝಿ ಇದಾರೆ, ಹಾಕ್ತಾರೆ" ಅಂತ ಎಲ್ಲರನ್ನೂ ಸಮಾಧಾನ ಮಾಡ್ತಾ ಇದ್ರೆ, ನೀನು ಆರಾಮಾಗಿ ಕೂತು ಉಗುರು ಕತ್ತರಿಸ್ಕೊಳ್ತಿದ್ದೆ. "ನೂಲು ಓಡುತ್ತೆ. ಅದಕ್ಕೆ ಬಾಯಿ ಬೇಕಾಗಿಲ್ಲ" ಅಂದೆ. ನೂಲಿಗೆ ಬೇಡದೇ ಇರಬಹುದು. ನಿನಗೆ ಬೇಕಿತ್ತು. ಒಂದೇ ವಾರದಲ್ಲಿ ಬೆಂಕಿ ಹಾಕಿದ ಮಂದಿಯೇ ನಗೋ ಮುಖ ಹಾಕಿದ್ರು. ಮಾತು ಸಾರ್ ಕಿವಿಗೂ ಬಿತ್ತು. "ನನ್ನ ಲ್ಯಾಬಿನ ಮೊಹರು ಇರೋ ಗಾಜಲ್ಲಿ ಸುಳ್ಳು ಓಡಬಾರದು, ಮತ್ತೆ ಮಾಡಿ" ಅಂದ್ರು.

ನಮ್ಮ ಲ್ಯಾಬಿನ ಪದ್ಧತಿ ಅಮ್ಮನಿಗೆ ಗೊತ್ತಿಲ್ಲ: ಹೇಳಿದವರು ಹೊರಗೆ. ಯಾರು "ಹೀಗಾಗುತ್ತೆ" ಅಂತಾರೋ ಅವರು ಕಾರಿಡಾರಲ್ಲಿ ನಿಲ್ಬೇಕು, ಬಾಗಿಲು ಮುಚ್ಬೇಕು, ಬೇರೆಯವರು ಅವರ ನೋಟ್‌ಬುಕ್ ನೋಡ್ಕೊಂಡು ಮೊದಲಿಂದ ಮಾಡ್ಬೇಕು. ಬರೆದಿರೋದು ಸರಿಯಾಗಿದ್ರೆ ಯಾರ ಕೈಯಲ್ಲಾದ್ರೂ ಆಗ್ಬೇಕು ಅಂತ ಸಾರ್ ಲೆಕ್ಕ. ಇರೋದು ನಾವು ಮೂರೇ ಜನ. ನೀನು ಹೊರಗೆ, ಸಾರ್ ನೋಡೋಕೆ, ಮಾಡೋಕೆ ನಾನು. ಹಿಂದಿನ ರಾತ್ರಿ ನಾನು ನಿದ್ದೆ ಮಾಡಿದ್ನಾ? ಇಲ್ಲ. ಓಡಲಿ, ಓಡಲಿ ಅಂತ ಹೊದಿಕೆಯೊಳಗೆ ಬೆರಳು ಮಡಚಿ ಎಣಿಸ್ತಿದ್ದೆ. ನೀನು ಪಕ್ಕದ ಮಂಚದಲ್ಲಿ ಗೊರಕೆ ಹೊಡೀತಿದ್ದೆ.

ಓಡಲಿಲ್ಲ. ಒಂದು ಹನಿ, ಎರಡು ಹನಿ, ಒಂಬತ್ತು ಹನಿ ಇಟ್ಟು ನೋಡಿದ್ವಿ. ಗುಳ್ಳೆ ಬಂತು, ಬರಲಿಲ್ಲ ಅನ್ನಲ್ಲ. ಬೇಕಾದಷ್ಟು ಬಂತು. ನೂಲು ಚಳಿ ಹತ್ತಿದೋರ ಹಾಗೆ ನಡುಗ್ತು, ಅಲ್ಲೇ ನಡುಗ್ತಾ ಕೂತ್ಕೊಳ್ತು. ಸಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. "ಓಡಲ್ಲಮ್ಮ" ಅಂದ್ರು. ಬಾಗಿಲು ತೆಗೆದ್ರು. ನೀನು ನೀರಿನ ಡ್ರಮ್ಮಿಗೆ ಒರಗಿ ನಿಂತಿದ್ದೆ. ಸಾರ್ ಮುಖ ನೋಡ್ಬೇಕಾದೋಳು ನನ್ನ ಮುಖ ನೋಡ್ದೆ. ಕೆಳಗಿನ ಟೈರ್ ಅಂಗಡಿಯೋನಿಗೂ ಕೇಳೋ ಹಾಗೆ ಕೇಳ್ದೆ: "ಏನ್ ಮಾಡ್ದೆ ನೀನು?"

ಏನ್ ಮಾಡ್ದೆ ನೀನು! ನಾನು! ದಿನಕ್ಕೆ ಹದಿನೆಂಟು ಹಾಳೆ ಬಳಿದು ಒಂದರಲ್ಲೂ ಸಾರ್ ಹತ್ರ ಕೊಂಕು ಹೇಳಿಸ್ಕೊಳ್ಳದ ಈ ಕೈ ಮೇಲೆ ಅನುಮಾನ! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಾನು "ನೀನು ಬರೆದ ಹಾಗೇ ಮಾಡ್ದೆ" ಅಂದೆ, ಬ್ಯಾಗ್ ತಗೊಂಡು ಇಳಿದುಬಿಟ್ಟೆ. ಬಸ್ ಸ್ಟಾಪಲ್ಲೇ ನಿಂತು ಗ್ರೂಪಲ್ಲಿ ಬರೆದೆ: "ಅಕ್ಕನ ಪರವಾಗಿ ಕ್ಷಮೆ ಕೇಳ್ತೀನಿ. ನಾನೇ ಕೈಯಾರೆ ಮಾಡಿ ನೋಡ್ದೆ. ಓಡಲ್ಲ." "ಸೂಜಿಮೊನೆಯ ತಂಗಿ" ಅನ್ನೋ ಹೆಸರೂ ತೆಗೆದುಹಾಕಿದೆ. ಈಗ ಬರೀ ಒಂದು ಚುಕ್ಕೆ ಇಟ್ಕೊಂಡಿದೀನಿ. ನೀನು ಅದನ್ನ ಓದಿದ್ದು ನನಗೆ ಕಾಣಿಸ್ತು. ಮೂರು ನಿಮಿಷ "ಟೈಪ್ ಮಾಡ್ತಿದಾರೆ" ಅಂತ ಬಂತು. ಆಮೇಲೆ ನಿಂತ್ಹೋಯ್ತು. ಆಮೇಲೆ "ಸೂಜಿಮೊನೆ ಗ್ರೂಪ್ ಬಿಟ್ಟಿದ್ದಾರೆ". ಮಾರನೇ ದಿನ ನಿನ್ನ ಮಂಚ ಖಾಲಿ. ಅಮ್ಮ ಅವತ್ತಿಂದ ಮೂರು ತಟ್ಟೆ ತೆಗೆದು ಒಂದನ್ನ ಮತ್ತೆ ಒಳಗಿಡ್ತಾಳೆ, ನನ್ನ ತಟ್ಟೆ ಮಾತ್ರ ಕುಕ್ಕಿ ಇಡ್ತಾಳೆ. ಹೋದೋಳು ನೀನು, ಸಿಟ್ಟು ನನ್ನ ಮೇಲೆ. ಇದ್ಯಾವ ನ್ಯಾಯ?

ಸರಿ, ಕೇಳ್ದೆ ಅಲ್ವಾ ಏನ್ ಮಾಡ್ದೆ ಅಂತ. ಈಗ ಉತ್ತರ ತಗೋ, ಒಂದೊಂದೂ ಹೇಳ್ತೀನಿ, ಓದಿ ನಾಚಿಕೆಪಡು. ನಿನ್ನ ನೋಟ್‌ಬುಕ್ಕಲ್ಲಿ ಇದ್ದಷ್ಟೇ ದ್ರಾವಣ ಸಿರಿಂಜಿಗೆ ತುಂಬ್ದೆ. ಸೂಜಿಯಿಂದ ತಗಡಿಗೆ ನೀನು ಬರೆದಷ್ಟೇ ದೂರ, ಸ್ಕೇಲ್ ಇಟ್ಟು ಎರಡು ಸಲ ಅಳೆದೆ. ಹಾಳೆ ತೆಗೆದೆ. "ಗಾಜಿಗೆ ಅಂಟಿಸು, ಪ್ಲಾಟಿನಂ ನಲವತ್ತು ಸೆಕೆಂಡು" ಅಂತ ಬರೆದಿದ್ದೆ, ಎಂದಿನ ಹಾಗೆ ಅರ್ಧ ಮಾತು. ನೀನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಜಡಿದಿಡ್ತೀಯಾ, ಅದು ಸೋಮಾರಿತನ. ನಾನು ಮೂಲೆಗಷ್ಟೇ ಅಂಟಿಸಿ, ನಲವತ್ತು ಸೆಕೆಂಡು ಬಳಿದು, ಮೆಲ್ಲಗೆ ಬಿಡಿಸಿ, ಮಗುಚಿ ಹಾಕಿ, ಇನ್ನೊಂದು ಕಡೆಗೂ ಅಷ್ಟೇ ನಲವತ್ತು ಸೆಕೆಂಡು ಬಳಿದೆ. ನೀನು ಬರೆದಿರದ ಕೆಲಸಾನೂ ನಿನಗೋಸ್ಕರ ಮಾಡ್ದೆ! ಎಲ್ಲೂ ಒಂದು ಎಳೆ ಬೆತ್ತಲೆ ಉಳಿದಿರಲಿಲ್ಲ. ಸಾರ್ ಕ್ಲಿಪ್ ಹಾಕಿ ನೋಡಿದ್ರು, ಮೀಟರಲ್ಲಿ ನಾಲ್ಕೇ ಓಮ್, ಕರೆಂಟಿಗೆ ತಡೆಯೇ ಇಲ್ಲ ಅನ್ನೋ ಹಾಗೆ. ಸಣ್ಣ ಬಲ್ಬು ಭಗ್ ಅಂತ ಉರೀತು. "ಇಷ್ಟು ಚೆನ್ನಾಗಿ ಬಳಿದಿದ್ದು ಈ ಲ್ಯಾಬಲ್ಲಿ ನಾನು ನೋಡಿಲ್ಲ" ಅಂದ್ರು. ಕೇಳಿಸ್ಕೊಂಡ್ಯಾ? ನಿನ್ನ ಹಾಳೆಗಳು ಎಂದಾದ್ರೂ ಹಾಗೆ ಬಲ್ಬು ಉರಿಸಿದ್ವಾ? ಹಾಗಾಗಿ ಬಳಿದ ಕೈಯದ್ದಲ್ಲ ತಪ್ಪು. ತಪ್ಪಿದ್ರೆ ಅದು ನಿನ್ನ ಹನ್ನೊಂದು ಸೆಕೆಂಡಿನಲ್ಲಿದೆ. ತೇಲಿದ್ದನ್ನ ಓಡಿದ್ದು ಅಂದೆ. ನನ್ನನ್ನ ಬಸ್ಸಲ್ಲಿ ಅಜ್ಜಿ ಮುಂದೆ ಸುಳ್ಳಿ ಮಾಡ್ದೆ.

ನೀನು ಚಿಕ್ಕಂದಿನಿಂದ ಹೀಗೇ. ಬಚ್ಚಲ ಬಕೆಟ್ಟಲ್ಲಿ ಬೆಂಕಿಕಡ್ಡಿ ಓಟ ಆಡ್ತಿದ್ವಲ್ಲ, ಕಡ್ಡಿ ತುದಿಗೆ ಸೋಪು ಹಚ್ಚಿ ನೀರಿಗೆ ಬಿಡೋದು? ನಿನ್ನ ಕಡ್ಡಿ ಬಾಣದ ಹಾಗೆ ಹೋಗ್ತಿತ್ತು. ನಾನು ಗೆಲ್ಲಲೇಬೇಕು ಅಂತ ನಿನಗಿಂತ ಜಾಸ್ತಿ ಹಚ್ತಿದ್ದೆ, ಎರಡೂ ತುದಿಗೆ ಹಚ್ತಿದ್ದೆ, ನಂದು ನಿಂತಲ್ಲೇ ನಿಲ್ತಿತ್ತು. ನೀನು ಬಕೆಟ್ ಹಿಡ್ಕೊಂಡು ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ದೆ. ಯಾಕೆ ಅಂತ ಒಂದು ದಿನ ಹೇಳ್ಕೊಡಲಿಲ್ಲ. ಅಳ್ತಾ ಅಮ್ಮನ ಹತ್ರ ಓಡಿದ್ರೆ, "ಅಕ್ಕ ಮಂತ್ರ ಹಾಕಿದಾಳೆ ಬಿಡು" ಅನ್ನೋಳು. ಆ ಮಂತ್ರವಾದಿ ಬುದ್ಧಿ ನಿನಗೆ ಇನ್ನೂ ಹೋಗಿಲ್ಲ.

ಇನ್ನು ಸಾಕು. ಮೂರನೇ ಹಾಳೆ ಮುಗೀತಾ ಬಂತು, ಪೆನ್ನೂ ಸೋರ್ತಿದೆ. ಚಿಕ್ಕಮ್ಮಂಗೆ ನನ್ನ ನಮಸ್ಕಾರ ಹೇಳು, ಅವರು ತಗೊಳ್ಳದಿದ್ರೆ ಅಲ್ಲೇ ಮೇಜಿನ ಮೇಲಿಟ್ಟುಬಿಡು. ಅಮ್ಮ ನಿನಗೆ ಆಶೀರ್ವಾದ ಬರೀ ಅಂದ್ಲು, ಬರೆದಿದೀನಿ: ಆಶೀರ್ವಾದ. ಕಿವಿಗೆ ಗಾಳಿ ಬೀಳದ ಹಾಗೆ ಕಟ್ಕೋಬೇಕಂತೆ, ಅದೂ ಅವಳದೇ. ನನ್ನದು ಒಂದೇ ಮಾತು: ಶನಿವಾರದೊಳಗೆ ಸಹಿ.

ಇಂತಿ,
(ಇಲ್ಲೂ "ಪ್ರೀತಿಯ" ಹಾಕ್ಬೇಕಂತೆ. ಹಾಕಲ್ಲ.)
ನಿನ್ನ ಮೇಜಿನ ಹೊಸ ಒಡತಿ

ವಿ.ಸೂ. ಸೋಮವಾರ, ಲ್ಯಾಬು, ಮಧ್ಯಾಹ್ನ ಮೂರೂಕಾಲು. ನಾಲ್ಕಕ್ಕೆ ಪೋಸ್ಟ್ ವ್ಯಾನ್ ಬರುತ್ತೆ, ಅಕ್ಷರ ಹೇಗಿದ್ರೂ ಓದ್ಕೋ. ಅಕ್ಕಾ, ಲಕೋಟೆಯಲ್ಲಿ ಆ ಸಹಿ ಕಾಗದ ಹುಡುಕ್ಬೇಡ. ಇಲ್ಲ. ನಾನು ತೆಗೆದುಬಿಟ್ಟಿದೀನಿ. ಸಾರ್ ಬೇರೆ ಯಾರ ಕೈಲಾದ್ರೂ ಇನ್ನೊಂದು ಕಳಿಸಿದ್ರೂ ಸಹಿ ಹಾಕ್ಬೇಡ, ಪೆನ್ನು ಮುಟ್ಬೇಡ. ಬೆಳಿಗ್ಗೆ ನಿನ್ನ ಮೇಜು ಖಾಲಿ ಮಾಡೋಕೆ ಕೂತೆ (ನಂದಾಗುತ್ತಲ್ಲ ಅನ್ನೋ ಆಸೆಗೆ, ಶನಿವಾರದ ತನಕ ಕಾಯೋಕಾಗದೆ). ಬಲಗಡೆ ಡ್ರಾಯರಿನ ಹಿಂದೆ ನಿನ್ನ ಹಳೇ ಗಾಜು ಸಿಕ್ತು, ನಾಲ್ಕೂ ಅಂಚಿಗೆ ಟೇಪ್, ಮೂಲೆಯಲ್ಲಿ ಉಗುರಿನಷ್ಟು ಹಾಳೆ ಉಳಿದಿತ್ತು, ಮೇಲೆ ವಿಡಿಯೋದ ತಾರೀಕು. ಚಿಮಟದಲ್ಲಿ ಎತ್ತಿದ್ರೆ ಮೇಲೆ ಬೂದಿ ಬಣ್ಣ, ಕೆಳಗೆ ಹಾಲಿನಷ್ಟು ಬಿಳಿ. "ನೋಡು, ಅರ್ಧ ಕೆಲಸ ಮಾಡಿದಾಳೆ" ಅಂದ್ಕೊಂಡೆ. ಇದನ್ನೂ ಪತ್ರದಲ್ಲಿ ಸೇರಿಸಿ ಚುಚ್ಚೋಣ ಅಂದ್ಕೊಂಡೆ. ಅಷ್ಟೇ ಅಲ್ಲ, ಕೈ ಸುಮ್ಮನಿರದೆ ಮಗುಚಿ ಹಾಕಿ ಇನ್ನೊಂದು ಕಡೆ ಬಳಿಯೋಕೆ ಡಬ್ಬಿ ಮುಚ್ಚಳಾನೂ ತೆಗೆದೆ. ಆವಾಗ ಬಕೆಟ್ಟಿನ ಕಡ್ಡಿ ನೆನಪಾಯ್ತು ಅಕ್ಕ. ನಿನ್ನೆ ನಾನೇ ಬರೆದಿದ್ದು. ಎರಡೂ ತುದಿಗೆ ಸೋಪು.

ಒಂದೇ ಕಡೆ ಲೋಹ ಇದ್ರೆ ಗುಳ್ಳೆ ಒಂದೇ ಕಡೆಯಿಂದ ತಳ್ಳುತ್ತೆ, ನೂಲು ಆಚೆಗೆ ಓಡುತ್ತೆ. ಎರಡೂ ಕಡೆ ಬಳಿದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಅಲ್ಲೇ ನಡುಗುತ್ತೆ. ಕರೆಂಟ್ ಮಾತ್ರ ಭೇಷಾಗಿ ಬಿಡುತ್ತೆ. ನಾನು ಕೈಗವಸಿನ ಹಾಳೆ ಮಾಡಿದೀನಿ ಕಣೇ! ನಿನ್ನ ಓಡೋ ನೂಲಿಗೆ ಕೈಗವಸು ತೊಡಿಸಿದೀನಿ! ಅದೇ ನೊರೆನೀರು ಹಾಕಿ ಮೂರು ಗಾಜಿನ ಬಟ್ಟಲು ಇಟ್ಟೆ. ಬರೀ ನೂಲು: ಸುಮ್ಮನೆ ಬಿದ್ದಿತ್ತು. ನಂದು: ನಡುಗ್ತು. ನಿನ್ನ ಉಗುರಿನಷ್ಟು ಹಾಳೆ ತುಂಡು ಮಾಡಿ ಬಿಟ್ಟೆ. ಓಡ್ತು. ಒಂದಲ್ಲ, ಹದಿನಾರು ಎಳೆ, ದಿಕ್ಕಿಗೊಂದು. ದೀಪ ಕಮ್ಮಿ ಮಾಡಿ ನೋಡ್ದೆ, ಫ್ಯಾನ್ ಆರಿಸಿ ನೋಡ್ದೆ, ಬಟ್ಟಲು ತಿರುಗಿಸಿಟ್ಟು ನೋಡ್ದೆ. ಓಡ್ತಾನೇ ಇತ್ತು. ನಾನು ಸ್ಟೂಲಿಂದ ಬಿದ್ದೆ, ನಿಜವಾಗ್ಲೂ, ಅದು ತಿರುಗೋ ಸ್ಟೂಲು ಅಂತ ಮರೆತು ಎದ್ದೆ.

ಹಾಗಂತ ನಿನ್ನನ್ನ ಬಿಟ್ಟೆ ಅಂದ್ಕೋಬೇಡ. ನೋಟ್‌ಬುಕ್ಕಲ್ಲಿ "ಒಂದೇ ಕಡೆ" ಅಂತ ಎರಡು ಪದ ಬರೆಯೋಕೆ ನಿನಗೇನಾಗಿತ್ತು? ಎರಡು ಪದ! ಪುರಾವೆಗೆ ಒಂದು ಚಿತ್ರ ಹಾಕೋಕೆ ಏನಾಗಿತ್ತು? ಬಕೆಟ್ ಪಕ್ಕ ನಗೋ ಬದಲು ಒಂದು ಸಲ ಹೇಳ್ಕೊಟ್ಟಿದ್ರೆ ನನಗೆ ಏಳನೇ ವಯಸ್ಸಲ್ಲೇ ಗೊತ್ತಿರ್ತಿತ್ತು. ಇಷ್ಟಾದ್ರೂ ಕೋತಿ ನಾನೇ, ಮೇಕೆ ನೀನು. ನೀನು ಕಾರಿಡಾರಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಸುಳ್ಳು ಉತ್ತರ ಕೊಟ್ಟೆ. ಬರೆದ ಹಾಗೆ ಮಾಡಿರಲಿಲ್ಲ. ಬರೆದದ್ದಕ್ಕಿಂತ ಜಾಸ್ತಿ ಮಾಡಿದ್ದೆ. ಮೇಲಿನ ಮೂರು ಹಾಳೆ ಹರಿದುಹಾಕೋಣ ಅಂದ್ಕೊಂಡೆ, ಆಮೇಲೆ ಬೇಡ ಅನ್ನಿಸ್ತು. ನಾನು ಮಗುಚಿದ್ದು ಅದರಲ್ಲಿ ನನ್ನ ಕೈಯಲ್ಲೇ ಬರೆದಿದೆ, ನಿನ್ನ ಹತ್ರ ಇರಲಿ. ಎಡಿಟ್ ಇಲ್ಲ, ಡಿಲೀಟ್ ಇಲ್ಲ.

ಚಿಕ್ಕಮ್ಮಂಗೆ ಮೂರು ಸಲ ಫೋನ್ ಮಾಡ್ದೆ. ನನ್ನ ದನಿ ಕೇಳಿ "ರಾಂಗ್ ನಂಬರ್" ಅಂತಾರೆ, ಸ್ವಂತ ಚಿಕ್ಕಮ್ಮ! ಸಾರ್‌ಗೆ ಹೇಳ್ದೆ, ಮೂರೂ ಬಟ್ಟಲು ತೋರಿಸ್ದೆ. ಬಹಳ ಹೊತ್ತು ನೋಡಿದ್ರು. "ಮೇಜು ಬೇಡ್ವಾ ನಿನಗೆ?" ಅಂದ್ರು. ಬೇಕು ಸಾರ್, ಆದ್ರೆ ಅಲ್ಲಿ ಕೂರೋಳು ಆಗಲೇ ಇದಾಳೆ ಅಂದೆ. ಒಂದು ನೋಟ ಸಾಲದು, ಮೊದಲಿಂದ ಹೊಸ ಹಾಳೆ ಮಾಡಿ ತೋರಿಸ್ಬೇಕು ಅಂದ್ರು. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಗ್ರೂಪಲ್ಲೂ ಬರೀತೀನಿ, ಪುರಾವೆಗೂ, ಹಳೇ ಹೆಸರು ಹಾಕ್ಕೊಂಡೇ. ಮೊದಲು ನಿನಗೆ ಗೊತ್ತಾಗ್ಲಿ ಅಂತ ಕಾದಿದೀನಿ. ವ್ಯಾನ್ ಹಾರನ್ ಕೇಳಿಸ್ತಿದೆ.

ಪದ್ಧತಿ ಗೊತ್ತಲ್ಲ? ಈ ಸಲ "ಓಡುತ್ತೆ" ಅಂತ ಹೇಳಿದೋಳು ನಾನು. ಹಾಗಾಗಿ ನೀರಿನ ಡ್ರಮ್ ಪಕ್ಕ ನಾನು ನಿಲ್ತೀನಿ. ಒಳಗೆ ಬಳಿಯೋಕೆ ಯಾರೂ ಇಲ್ಲ. ಬಾ.